ದಕ್ಕೆಯ ತಕ್ಕಡಿ

ಆಸ್ಪತ್ರೆಯ ತೂಕದ ಯಂತ್ರ ನೂರೈವತ್ತಕ್ಕೆ ನಿಂತುಬಿಡುತ್ತದೆ.
ಅಲ್ಲಿಂದಾಚೆ ಮುಳ್ಳು ಸುಮ್ಮನೆ ನಡುಗುತ್ತದೆ,
ಹೇಳಲೋ ಬೇಡವೋ ಎನ್ನುವಂತೆ.
ಅದಕ್ಕೇ ಸೋದರಮಾವ ಫೆಹೊಕೊನನ್ನು
ಪಾಂಗಾಯ್ ದಕ್ಕೆಗೆ ಕರೆದೊಯ್ದೆ,
ಕೊಬ್ಬರಿ ಮೂಟೆ ತೂಗುವ ಹಲಗೆಯ ಮೇಲೆ ನಿಲ್ಲಿಸಿದೆ.
ಹಮಾಲರು ನಕ್ಕರು. ಅವನೂ ನಕ್ಕ:
"ಕಿಲೋಗೆ ಎಷ್ಟು ಕೊಡ್ತೀಯ, ಮಗಳೇ?"
ನೂರ ಎಪ್ಪತ್ತೆಂಟು.
ಬರೆದುಕೊಂಡೆ, ಬೆವರಿಗೆ ಶಾಯಿ ಹರಡಿತು.

ಇದೇ ದಕ್ಕೆಗೆ ವಾರಕ್ಕೊಮ್ಮೆ
ದೊಡ್ಡ ದ್ವೀಪದ ಹಡಗು ಬರುತ್ತದೆ
ನ್ಯೂಜಿಲೆಂಡಿನ ಪೆಟ್ಟಿಗೆ ಹೊತ್ತು:
ಮಂಜುಗಟ್ಟಿದ ಕುರಿಯ ಹೊಟ್ಟೆಭಾಗ,
ಎರಡು ಬೆರಳು ಮಾಂಸ, ಮೂರು ಬೆರಳು ಕೊಬ್ಬು.
ಅಲ್ಲಿಯವರು ತಾವು ತಿನ್ನುವುದಿಲ್ಲವಂತೆ.
ಮರಳುವಾಗ ಅದೇ ಹಡಗಿನಲ್ಲಿ
ಮಾವನ ಬಲೆಯ ಮೀನು
ಮಂಜಿನ ಹಾಸಿಗೆಯಲ್ಲಿ ಮಲಗಿ ಹೋಗುತ್ತದೆ.
ಮೀನು ಮಾರಿದ ದುಡ್ಡಿಗೆ ಡಬ್ಬಿ ಮಾಂಸ ತರುತ್ತಾನೆ.
ಯಾಕೆ ಮಾವ ಎಂದರೆ
"ಪಾದ್ರಿಯ ಮುಂದೆ ಮೀನಿಡೋದಾ?
ಮೀನನ್ನ ಸಮುದ್ರ ಯಾರಿಗೆ ಬೇಕಾದರೂ ಕೊಡುತ್ತೆ."

ಭಾನುವಾರ ಬೆಳಗಾಗುವ ಮೊದಲೇ
ಹೊಂಡದಲ್ಲಿ ಕಲ್ಲು ಕಾಯುತ್ತದೆ.
ಅಮ್ಮ ಕಲೊಲೈನೆ ಕೆಸುವಿನೆಲೆ ಬಿಡಿಸಿ
ಕುರಿಕೊಬ್ಬು, ಈರುಳ್ಳಿ ಇಟ್ಟು, ಗಟ್ಟಿ ಕಾಯಿಹಾಲು ಸುರಿದು
ಕೂಸನ್ನು ಬಟ್ಟೆಯಲ್ಲಿ ಸುತ್ತಿದ ಹಾಗೆ ಮಡಚುತ್ತಾಳೆ.
ಇದಕ್ಕೆ ಲೂ ಎನ್ನುತ್ತೇವೆ.
ಒಂದೇ ಅಕ್ಷರ, ಮುತ್ತಿಡುವಾಗಿನ ತುಟಿ.
ಮನೆಯಲ್ಲಿ ಐವರು; ಮಡಚಿದ್ದು ಇಪ್ಪತ್ತೆರಡು.
ಎಣಿಸಿದವಳು ನಾನು, ಬೈಸಿಕೊಂಡವಳೂ ನಾನು:
"ಉಣ್ಣೋದನ್ನ ಎಣಿಸೋ ಕೈ
ಕೊಡೋದನ್ನೂ ಎಣಿಸುತ್ತೆ, ಹುಷಾರು."

ತಟ್ಟೆ ಖಾಲಿಯಾದರೆ ಬಡಿಸಿದವರಿಗೆ ಅವಮಾನ,
ಖಾಲಿಯಾಗದಿದ್ದರೆ ಕೂತವರಿಂದ ಅವಮಾನ.
ಇವೆರಡರ ನಡುವೆ ಒಂದು ತುತ್ತಿನಷ್ಟು ಜಾಗವಿದೆಯಂತೆ.
ನನಗಿನ್ನೂ ಸಿಕ್ಕಿಲ್ಲ.

ಚಿಕ್ಕಮ್ಮ ಸೀಸಿಲಿಯಾ
ಸಕ್ಕರೆ ಕಾಯಿಲೆಗೆ ಮೊದಲು ಹೆಬ್ಬೆರಳು ಕೊಟ್ಟಳು,
ಆಮೇಲೆ ಪಾದ, ಆಮೇಲೆ ಮೊಣಕಾಲು,
ಕಂತಿನಲ್ಲಿ ಸಾಲ ತೀರಿಸುವ ಹಾಗೆ.
ಅವಳ ಮಣ್ಣಿಗೆ ಮೂರು ಹಳ್ಳಿಯ ಜನ, ಹನ್ನೊಂದು ಹಂದಿ.
ಊಟ ಚೆನ್ನಾಗಿತ್ತು ಎಂದರು ಹೋಗುವಾಗ,
ಎಂದರೆ ಅವಳ ಮೇಲೆ ನಿಮಗೆ ತುಂಬ ಪ್ರೀತಿಯಿತ್ತು ಎಂದು.
ನಾನೂ ಹಾಗೇ ಕೇಳಿಸಿಕೊಂಡೆ.
ನಾನೂ ಉಂಡಿದ್ದೆ.

ಆಸ್ಪತ್ರೆಯ ಗೋಡೆಯಲ್ಲೊಂದು ಚಿತ್ರವಿದೆ:
ತೆಳ್ಳನೆಯ ಮನುಷ್ಯ, ಅರ್ಧ ತಟ್ಟೆ ಸೊಪ್ಪು, ಒಂದು ಲೋಟ ನೀರು.
ಸರತಿಯಲ್ಲಿ ಕೂತ ಮುದುಕಿಯರು ಅವನನ್ನು ನೋಡಿ
ನಾಲಿಗೆ ಲೊಚಗುಟ್ಟುತ್ತಾರೆ:
"ಪಾಪ, ಹಿಂದೆ ಮುಂದೆ ಯಾರೂ ಇಲ್ಲವೇನೋ."

ಮೊನ್ನೆ ತಮ್ಮ ಇಲೈಸಾ ಬಂದ.
ಏಳು ತಿಂಗಳು ಪರರ ತೋಟದಲ್ಲಿ ಸೇಬು ಕಿತ್ತು
ಏಣಿ ಹತ್ತಿ ಇಳಿದು, ಹತ್ತಿ ಇಳಿದು
ಮೈಯೂ ಇಳಿದಿತ್ತು.
ಅಮ್ಮ ಅವನ ಮುಖವನ್ನು ಅಂಗೈಗಳಲ್ಲಿ ಹಿಡಿದು ಅತ್ತಳು.
ನೆರೆಯವರು ದನಿ ತಗ್ಗಿಸಿ "ಏನು ಕಾಯಿಲೆಯಂತೆ?"
ಪಾದ್ರಿ ಪ್ರಾರ್ಥನೆಯಲ್ಲಿ ಅವನ ಹೆಸರೂ ಸೇರಿಸಿದ.
ರಕ್ತದೊತ್ತಡ ನೋಡಿದೆ: ನೂರಿಪ್ಪತ್ತು, ಎಂಬತ್ತು.
ಟೊಂಗಾದ ಈ ತುಣುಕು ನೆಲದಲ್ಲಿ ಈ ವರ್ಷ
ನಾನು ಬರೆದ ಅತಿ ಚಂದದ ಅಂಕಿ.
ಯಾರಿಗೆ ತೋರಿಸಲಿ?

ರಾತ್ರಿ ನಾಲ್ಕನೆಯ ಎಲೆಗಂಟಿಗೆ ಕೈ ಅಡ್ಡ ಹಿಡಿದು
"ಸಾಕು" ಎಂದ.
ಸಾಕಿದವಳ ಕೈ ಗಾಳಿಯಲ್ಲೇ ನಿಂತಿತು,
ಆ ಮುಳ್ಳಿನ ಹಾಗೆ ನಡುಗಿತು.
ಆಮೇಲೆ ಅವಳ ಕಣ್ಣು ನನ್ನತ್ತ ತಿರುಗಿತು.
ನೀನು ದಾದಿ. ನೀನಾದರೂ ಹೇಳು.

ಹಗಲೆಲ್ಲ ಚೀಟಿಗಳ ಮೇಲೆ
"ಅರ್ಧ ತಿನ್ನಿ" ಎಂದು ಬರೆದ ಕೈ ಇದು.
ಇದೇ ಕೈಯಲ್ಲಿ ಗಂಟು ಬಿಚ್ಚಿದೆ,
ಹಬೆಗೆ ಅವನ ಮುಖ ಕಾಣಲಿಲ್ಲ.
ಮೂಲೆಯಿಂದ ಮಾವ ಕೂಗಿದ:
"ನನಗೂ ಒಂದು! ನೂರ ಎಪ್ಪತ್ತೊಂಬತ್ತು ಮಾಡು!"
ಮನೆಯೆಲ್ಲ ನಕ್ಕಿತು. ಅಮ್ಮನೂ ನಕ್ಕಳು, ಬಂದಂದಿನಿಂದ ಮೊದಲ ಸಲ.
ಇಲೈಸಾ ಅವಳನ್ನೇ ನೋಡುತ್ತ
ಬಾಯಿ ತೆರೆದ.