ಊಮಳೆ

ಎಡಕ್ಕೆ ಕನ್ನಡ, ನನ್ನ ಕೈಬರಹ.
ಬಲಕ್ಕೆ ಫ್ರೆಂಚು, ಪುದುಚೇರಿಯಿಂದ ಬಂದ
ಮದಾಮ್ ಫ್ಲೋರಾ ಅರುಳ್ ಅವರದು.
ನಡುವೆ ಸೀಮೆಸುಣ್ಣದ ಗೆರೆ,
ತೋಟಕ್ಕೂ ತೋಟಕ್ಕೂ ನಡುವಿನ ಕಡಂಗದ ಹಾಗೆ.
ದಾಟಬಾರದೆಂದೇನಿಲ್ಲ,
ನೋಡಿಕೊಂಡು ದಾಟಬೇಕು.

ಪೊಲ್ಲಿಬೆಟ್ಟದ ಈ ಶಾಲೆ ಮೊದಲು ಕಾಫಿ ಗೋದಾಮು.
ಬಿಸಿಲೇರಿದರೆ ಗೋಡೆ ಇವತ್ತಿಗೂ
ಒಣಚೆರಿಯ ವಾಸನೆ ಬಿಡುತ್ತದೆ.
ಬೆಳಿಗ್ಗೆ ಕನ್ನಡದಲ್ಲಿ ಒಪ್ಪಿಸಿದ ಮಗ್ಗಿಯನ್ನೇ
ಮಕ್ಕಳು ಊಟವಾದ ಮೇಲೆ ಫ್ರೆಂಚಿನಲ್ಲಿ ಒಪ್ಪಿಸುತ್ತಾರೆ.
ಎಂಬತ್ತಕ್ಕೆ ಅವರು ನಾಲ್ಕು ಇಪ್ಪತ್ತು ಅನ್ನುತ್ತಾರಂತೆ.
ಗೇಟಿನ ಪೂವಯ್ಯ ತಲೆದೂಗಿದ:
ನಮ್ಮಜ್ಜಿ ಕೋಳಿಮೊಟ್ಟೆ ಎಣಿಸಿದ್ದೂ ಹಾಗೇ,
ಇಪ್ಪತ್ತಕ್ಕೊಂದು ಗುಡ್ಡೆ ಇಟ್ಟು.

ಈ ವಾರ ಹಲಗೆಯ ಮೇಲೆ:
ರುಖಿಯಾಳ ಮುಂದಿನ ಹಲ್ಲು ಬಿತ್ತು, ಮಾಡಿನ ಮೇಲೆ ಎಸೆದದ್ದಾಯಿತು.
ಮಂಗಳವಾರ ರಾತ್ರಿ ಒಂಟಿಸಲಗ ಬಂದು
ಹಿಂದಿನ ಬೇಲಿ ಕಿತ್ತು, ಎಳೆ ಹಲಸು ತಿಂದು,
ಜಾರುಬಂಡೆಯ ಸುತ್ತ ಒಂದು ಸುತ್ತು ಹಾಕಿ ಹೋಗಿದೆ.
ಒಂದು ಎಡಗಾಲಿನ ನೀಲಿ ಚಪ್ಪಲಿ ಸಿಕ್ಕಿದೆ.
ಪೋಷಕರ ಸಭೆ ಮುಂದಕ್ಕೆ ಹೋಗಿದೆ:
ಅಪ್ಪಂದಿರೆಲ್ಲ ರಾತ್ರಿಯಿಡೀ ಸ್ಪ್ರಿಂಕ್ಲರ್ ಪೈಪು ಹೊರುತ್ತಿದ್ದಾರೆ,
ಪೈಪಿಲ್ಲದವರು ಆಕಾಶ ನೋಡುತ್ತಿದ್ದಾರೆ.
ಮಳೆ ಬಂದ ಮೇಲೆ ಸಭೆ, ಎಂದು ಬರೆದೆ.
ದಿನಾಂಕ ಹಾಕಲಿಲ್ಲ.

ಗುರುವಾರ ಮೂರೂಕಾಲಿಗೆ ಬಂತು.
ಹಂಚಿನ ಮೇಲೆ ಮೊದಲು ಯಾರೋ ಕಡಲೆ ಚೆಲ್ಲಿದಂತೆ,
ಆಮೇಲೆ ಮಗ್ಗಿ ಕೇಳಿಸಲಿಲ್ಲ.

ಶುಕ್ರವಾರ ಎಡಕ್ಕೆ ಬರೆದೆ: ಹೂಮಳೆ ಬಿತ್ತು.
ಬಲಕ್ಕೆ ಮದಾಮ್ ಕೈ ನಿಂತಿತು.
ಅವರ ನಿಘಂಟಿನಲ್ಲಿ ಹೂವಿದೆ, ಮಳೆಯಿದೆ,
ಎರಡನ್ನೂ ಕೂಡಿಸಿದರೆ
ಮದುವೆಯಲ್ಲಿ ಎರಚುವ ಪಕಳೆಯಾಗುತ್ತದೆ.
ಹೂ ಸುರಿಯುವ ಮಳೆಯಲ್ಲ ಮದಾಮ್,
ಹೂವಿಗೋಸ್ಕರ ಸುರಿಯುವ ಮಳೆ.
ಈಗ ಬಿದ್ದರೆ ಒಂಬತ್ತನೇ ದಿನ ಗಿಡ ಬೆಳ್ಳಗಾಗುತ್ತದೆ,
ಬೀಳದಿದ್ದರೆ ಮೊಗ್ಗು ಅಲ್ಲೇ ಕಪ್ಪಾಗುತ್ತದೆ,
ಅಂದಳು ಲೈನುಮನೆಯ ಚೋಮಿ, ಎರಡನೇ ತರಗತಿ,
ಎರವ ಭಾಷೆ, ಕನ್ನಡ, ಫ್ರೆಂಚು ಮೂರನ್ನೂ ಬೆರೆಸಿ.

ಮದಾಮ್ ಯೋಚಿಸಿ, ನಮ್ಮ ಪದವನ್ನೇ
ಅವರ ಅಕ್ಷರದಲ್ಲಿ ಬರೆದು, ಗಟ್ಟಿಯಾಗಿ ಓದಿದರು:
ಊಮಳೆ.
ಅವರ ಭಾಷೆಯಲ್ಲಿ ಹಕಾರ
ಬರೆಯುವುದುಂಟು, ನುಡಿಯುವುದಿಲ್ಲ.

ಮಕ್ಕಳು ನಕ್ಕರು. ಅಡುಗೆಮನೆಯಲ್ಲಿ ಸೌಟು ನಿಂತಿತು.
ಪಿರಿಯಾಪಟ್ಟಣದ ಕಡೆಯ ಸಣ್ಣತಾಯಮ್ಮ
ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು.
ಆಲು, ಅಣ್ಣು, ಊವು ಎನ್ನುವವಳು.
ಹನ್ನೊಂದು ವರ್ಷದಿಂದ ನನ್ನಿಂದ ತಿದ್ದಿಸಿಕೊಂಡು
ನನಗೇ ಅನ್ನ ಬಡಿಸಿದವಳು.
“ಅಂಗಾರೆ ಇಷ್ಟ್ ವರ್ಸ
ನಾನಾಡಿದ್ದು ಪ್ರೆಂಚಾ ಮೇಷ್ಟ್ರೇ?”

ಎಲ್ಲರೊಡನೆ ನಾನೂ ನಕ್ಕೆ.
ಆಮೇಲೆ ಅವಳ ಮಗ ಮಾದೇಶ ನೆನಪಾದ.
ಅವನ ಕಾಪಿಪುಸ್ತಕದಲ್ಲಿ ಅಸುವಿನ ಸುತ್ತ,
ಅಳ್ಳಿಯ ಸುತ್ತ ನಾನೇ ಬರೆದ ಕೆಂಪು ಸೊನ್ನೆಗಳು.
ಓದಲು ಎದ್ದು ನಿಂತಾಗ
ತರಗತಿ ನಗುತ್ತಿತ್ತು, ನಾನು ತಡೆಯುತ್ತಿರಲಿಲ್ಲ.
ಏಳಕ್ಕೇ ಬಿಟ್ಟ. ಈಗ ಗೋಣಿಕೊಪ್ಪದಲ್ಲಿ
ಪಂಪ್‌ಸೆಟ್ ರಿಪೇರಿ.
ಈ ವಾರ ಅವನಿಗೆ ನಿದ್ದೆಯಿರಲಿಕ್ಕಿಲ್ಲ.

ಸಂಜೆ ಡಸ್ಟರ್ ಹಿಡಿದು ನಿಂತೆ.
ಯಾವುದನ್ನೂ ಒರೆಸಲಿಲ್ಲ.
ಕೆಳಗೆ ಜಾಗ ಉಳಿದಿತ್ತು, ಬರೆದೆ:

ಮುಂದಿನ ಶನಿವಾರ ಹೂ ಬಿಡಬಹುದು.
ಅಂದೇ ಪೋಷಕರ ಸಭೆ, ಹತ್ತೂವರೆಗೆ.
ಜೇನಿನ ದಾರಿಗೆ ಯಾರೂ ಅಡ್ಡ ನಿಲ್ಲಬೇಡಿ.
ನೀಲಿ ಚಪ್ಪಲಿ ಯಾರದು?