ಒಂದೇ ಕಿಂಡಿ

"ಲೈಬ್ರರಿ ಕಟ್ತಿದೀನಿ" ಅಂದೆ.
ಮನೆ ಓನರು ಗಿರಿಜವ್ವ ಕೇಳಿದಳು, "ಎಲ್ಲಿ ಸೈಟು?
ಎಷ್ಟು ಅಂಕಣ? ದಿನಾ ಪೇಪರ್ ತರಿಸ್ತೀಯೇನು?"
ಗೋಡೆಯಿಲ್ಲ ಅಜ್ಜಿ, ಪುಸ್ತಕವೂ ಇಲ್ಲ;
ಯಾರದೋ ಪುಸ್ತಕದಲ್ಲಿ ಯಾರಿಗೋ ಬೇಕಾದ ಮಾತು
ಹುಡುಕಿಕೊಡುವ ಒಂದಿಷ್ಟು ಸಾಲು, ಅಷ್ಟೆ.
ಅವಳು ಒಂದು ಸೇರು ಮಂಡಕ್ಕಿ ಅಳೆದು ಕೊಟ್ಟು
"ತಿನ್ನು, ಸೊರಗೀಯ" ಅಂದಳು.

ದಾವಣಗೆರೆಯ ಈ ಓಣಿಯಲ್ಲಿ ನನ್ನ ಕೋಣೆ ಮೇಲೆ, ಭಟ್ಟಿ ಕೆಳಗೆ.
ನಸುಕಿನ ನಾಲ್ಕಕ್ಕೇ ಕಾದ ಉಸುಕಿನಲ್ಲಿ ಅಕ್ಕಿ ಸಿಡಿಯುತ್ತದೆ.
ಕೀಲಿಮಣೆಯ ಮೇಲೆ ದಿನಕ್ಕೊಂದು ಪದರ ಮಸಿ.
ಒರೆಸಿದರೆ 'ಹ' ಕಾಣುತ್ತದೆ,
'ಡ' ಸವೆದೇ ಹೋಗಿದೆ.

ಹುಡುಕುವವರು ಒಂದೇ ಥರದವರಲ್ಲ.
ಒಬ್ಬ ಮೊದಲ ಅಕ್ಷರದಿಂದ ಬೆರಳಿಟ್ಟುಕೊಂಡೇ ಹೋಗುತ್ತಾನೆ,
ಮಧ್ಯೆ ಮಾತಾಡಿಸಿದರೆ ಮತ್ತೆ ಮೊದಲಿಂದ.
ಒಬ್ಬ ಪದದ ಬಾಲ ಮುಟ್ಟಿ ನೋಡಿ
ಹೊಂದಲಿಲ್ಲವೋ, ದಾಪುಗಾಲಲ್ಲಿ ಮುಂದಕ್ಕೆ.
ಇನ್ನೊಬ್ಬ ಎಲ್ಲರೂ ಮಲಗಿದಾಗ ಪಟ್ಟಿ ಬರೆದಿಟ್ಟು
ಹಗಲೆಲ್ಲ ಕಾಲು ಚಾಚಿ ಕೂತಿರುತ್ತಾನೆ.
ಒಬ್ಬನಿಗೆ ಎಣಿಕೆ ಸೊನ್ನೆಯಿಂದ, ಒಬ್ಬನಿಗೆ ಒಂದರಿಂದ.
ಮೂವರಿಗೂ ಮೂರು ರೀತಿಯ ಸಿಟ್ಟು.
ನನ್ನ ಕೆಲಸ ಇಷ್ಟೆ:
ಕೇಳುವವರಿಗೆ ಇವರ ಜಗಳ ಕೇಳಿಸಬಾರದು.
ಹೊರಗಡೆ ಒಂದೇ ಹೆಸರು: ಹುಡುಕು.

ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ,
ಜನನ ಮರಣದ ಕಿಂಡಿಯ ಮುಂದೆ.
ಚೀಟಿ ಒಳಗೆ ಹೋಗುತ್ತಿತ್ತು, ಚೀಟಿ ಹೊರಗೆ ಬರುತ್ತಿತ್ತು.
ಪುಸ್ತಕ ಇಷ್ಟು, ಪುಟ ಇಷ್ಟು, ಸಾಲು ಇಷ್ಟು.
ದಾದಾಪೀರ್ ರಜೆಯಲ್ಲಿದ್ದರೆ ಕೆಂಚವೀರಪ್ಪ,
ಅವರಿಗೆ ಕಣ್ಣು ಬಂದರೆ ಸುಲೋಚನಾ ಮೇಡಮ್ಮು.
ಸಾಲಿನಲ್ಲಿ ನಿಂತ ನಮಗೆ
ಕಿಂಡಿಯಷ್ಟಗಲದ ಒಂದು ಅಂಗೈ ಮಾತ್ರ ಗೊತ್ತು.

ನನ್ನ ಮುಂದೆ ಒಬ್ಬ ಮುದುಕಿ.
ತನ್ನವ್ವ ಸತ್ತ ದಿನ ಯಾವುದೆಂದು ಅವಳಿಗೆ ಬೇಕಿತ್ತು.
"ಹೆಸರು?" "ಕೊಟ್ರವ್ವ."
ಒಳಗೆ ಹಾಳೆ ತಿರುವುವ ಸದ್ದು.
ಕೊಟ್ರಮ್ಮ ಇದ್ದಳು, ಕೊಟ್ಟೂರವ್ವ ಇದ್ದಳು,
ಕೊಟ್ರಬಸವ್ವ ಇಬ್ಬರಿದ್ದರು, ಒಬ್ಬಳಿಗೆ ಆರು ತಿಂಗಳು.
ಎರಡು ತಾಸಾದ ಮೇಲೆ ಅಂಗೈ ಖಾಲಿ ಬಂತು.
"ಸಿಗಲಿಲ್ಲ ಕಣಮ್ಮ."
ಹಿಂದಿದ್ದವನು ರೇಗಿದ: "ಇಲ್ಲ ಅಂತ ಆಗಲೇ ಹೇಳಬಾರದೇನ್ರಿ?"
ಆಗ ಕಿಂಡಿಗೆ ಮೊದಲ ಸಲ ಮುಖ ಬಂತು,
ಕನ್ನಡಕ, ಬಿಳಿಗಡ್ಡ, ದಾದಾಪೀರ್:
"ಇಲ್ಲ ಅಂದ್ರೆ ಆಕಿ ಇರಲೇ ಇಲ್ಲ ಅಂದಂಗಾತು.
ಸಿಗಲಿಲ್ಲ ಅಂದ್ರೆ, ಸೋತಿದ್ದು ನಾನು."

ಅದಕ್ಕೇ ನನ್ನ ಲೈಬ್ರರಿಯಲ್ಲಿ ಉತ್ತರ ಮೂರು:
ಸಿಕ್ಕಿತು. ಸಿಗಲಿಲ್ಲ. ಹುಡುಕಲಾಗಲಿಲ್ಲ.
ಕೊನೆಯದು ಬೇಡ, ತಲೆಬಿಸಿ ಎಂದರು ಜೊತೆಯವರು.
ಗೆದ್ದಲು ತಿಂದ ಪುಟವನ್ನು
ಓದಿದೆ ಎಂದು ಹೇಗೆ ಹೇಳಲಿ?

ಪರೀಕ್ಷೆ ನಲವತ್ತೊಂದು ಅವಳ ಹೆಸರಿನದು.
ಕಗೆ ಒತ್ವ ಕೊಟ್ಟರೂ ಕೊ,
ಎತ್ವ ಕೊಟ್ಟು ಕೊಂಬಿನಿಳಿ ಹಚ್ಚಿದರೂ ಕೊ;
ಕಣ್ಣಿಗೆ ಒಬ್ಬಳೇ ಕೊಟ್ರವ್ವ, ಯಂತ್ರಕ್ಕೆ ಇಬ್ಬರು.
ಬೆರಳಿಟ್ಟು ಹೋಗುವವನಿಗೆ ತಿಳಿಸಿ ಹೇಳಿದೆ, ಒಪ್ಪಿದ.
ಪಟ್ಟಿಯವನು ರಾತ್ರಿಯೆಲ್ಲ ಪಟ್ಟಿ ತಿದ್ದಿದ.
ದಾಪುಗಾಲಿನವನು ಮಾತ್ರ ಇವತ್ತಿಗೂ
ಅವಳನ್ನು ದಾಟಿಕೊಂಡೇ ಹೋಗುತ್ತಾನೆ.

ಕೆಳಗಿಂದ ಗಿರಿಜವ್ವನ ಕೂಗು:
"ಟ್ರಂಕಿನ ಕೀಲಿಕೈ ಕಾಣವಲ್ದು,
ಅದೇನೋ ಹುಡುಕೋದು ಕಟ್ತೀನಂತಿದ್ಯಲ್ಲ, ಬಾ ಇಲ್ಲಿ!"
ಇಳಿದೆ. ಮೊದಲ ಗೂಡಿನಿಂದ,
ಬೆರಳಿಟ್ಟುಕೊಂಡು,
ಅರಿಶಿನದ ಡಬ್ಬಿ, ಔಷಧಿ ಚೀಟಿ, ಸತ್ತ ಗಡಿಯಾರ,
ಉಸುಕಿನ ಬುಟ್ಟಿ
ಇನ್ನೂ ಬಿಸಿ ಇತ್ತು.