ಒರಟು

ಇಳಕಲ್ಲಿನ ಗುಡ್ಡದಿಂದ ಇಳಿದ ಗುಲಾಬಿ ಬಂಡೆಗೆ
ದಾವಲಸಾಬ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಾನೆ: ಎಪ್ಪತ್ತೊಂದು.
ಅದೇ ನಂಬರು ನಾನು ಇನ್‌ವಾಯ್ಸಿನಲ್ಲಿ,
ಹುಟ್ಟಿದೂರಿನ ಸರ್ಟಿಫಿಕೇಟಿನಲ್ಲಿ.
ಕಲ್ಲಿಗೂ ಬೇಕು ಜನನಪತ್ರ.
ನಮ್ಮವ್ವನಿಗೆ ಇಲ್ಲ.

ಪಾಲಿಶ್ ಮಶೀನು ಮೂಲೆಯಲ್ಲಿದೆ, ತಾಡಪತ್ರಿ ಹೊದ್ದು.
ಕೊಂಡ ವರ್ಷ ಹಚ್ಚಿದ ಕುಂಕುಮ ಇನ್ನೂ ಬಿಟ್ಟಿಲ್ಲ.
ಒರಟು ಬಂಡೆ ಹೋದರೆ ಆ ದೇಶದಲ್ಲಿ ಸುಂಕ ಸೊನ್ನೆ;
ಕೊಯ್ದು, ಉಜ್ಜಿ, ಮುಖ ಕಾಣುವಂತೆ ಮಾಡಿ ಕಳಿಸಿದರೆ
ನೂರಕ್ಕೆ ಹನ್ನೆರಡು.
ಅಂದರೆ ಸುಂಕ ಕಲ್ಲಿಗಲ್ಲ,
ದಾವಲಸಾಬನ ಕೈಗೆ.

ಬಂದರಿನ ಏಜೆಂಟನಿಗೆ ಫೋನಿನಲ್ಲಿ ಹೇಳಿದೆ.
‘ಅಕ್ಕಾರ, ಸುಂಕದವ್ರ ಮುಂದ ಸುಖದುಃಖ ಹೇಳ್ತೀರೇನು?’ ನಕ್ಕ.
ಆ ಸಾಲಿಗೆ ಸಹಿ ಬಿದ್ದದ್ದು
ಯಾವುದೋ ಸರೋವರದ ದಂಡೆಯ ಊರಲ್ಲಂತೆ.
ಅವರಿಗೂ ಚುನಾವಣೆ, ಅವರಲ್ಲೂ ಪಾಲಿಶ್ ಕಾರ್ಖಾನೆ,
ಅಲ್ಲೂ ಒಬ್ಬ ದಾವಲಸಾಬ,
ಅವನ ಓಟು ಅಲ್ಲೇ ಇರುವುದು.

ರವಿವಾರ ಮಗಳನ್ನು ಐಹೊಳೆಗೆ ಕರೆದೊಯ್ದೆ.
ಇಲ್ಲಿಯ ಐನೂರ್ವರು, ಕೋಣ ಕತ್ತೆಗಳ ಮೇಲೆ ಮೆಣಸು ಹೇರಿ
ಸಮುದ್ರದಾಚೆಗೂ ಮುಟ್ಟಿಸಿದವರು,
ಹೇರಿಗೆಷ್ಟು, ದೇವರಿಗೆಷ್ಟು, ತಪ್ಪಿದವನಿಗೆ ಯಾವ ಪಾಪ
ಕಲ್ಲಲ್ಲೇ ಕೊರೆಸುತ್ತಿದ್ದರು ಎಂದೆ.
ಅವಳು ಒಂದು ಗೋಡೆಯ ಅಕ್ಷರದ ಮೇಲೆ ಬೆರಳಾಡಿಸಿದಳು:
‘ಅವ್ವಾ, ಇದನ್ನ ಅಳಸಾಕ ಬರಾಂಗಿಲ್ಲೇನು?’

ಆಗ ಕಾಯಿದೆ ಕಲ್ಲಿನ ಮೇಲಿತ್ತು.
ಈಗ ಕಲ್ಲು ಲಾರಿಯ ಮೇಲೆ,
ನನ್ನ ಕಾಗದಕ್ಕೆ ಕಾಯುತ್ತ.

ಸೋಮವಾರ. ಎಂಜಿನ್ ಗುರುಗುಡುತ್ತಿದೆ.
‘ಒರಟು’ ಎಂಬಲ್ಲಿ ಗುರುತು ಹಾಕುತ್ತೇನೆ.
ದಾವಲಸಾಬ ಎಪ್ಪತ್ತೊಂದರ ಮೈ ಸವರುತ್ತ ಬಂದು
ಒಂದು ಕಡೆ ಅಂಗೈ ನಿಲ್ಲಿಸುತ್ತಾನೆ:
‘ಇಲ್ಲಿ ಭಾಳ ಚಂದ ಹೊಳೀತಿತ್ತರೀ.’